ಓಸಿಐ ಕಾರ್ಡಿನೊಡನೆ ಊರಿಗೆ ಮರಳುವ ಹಿರಿಯರೇ, ಹಾಸಿಗೆ ಹಿಡಿಯುವ ದಿನಕ್ಕೂ ಏರ್ಪಾಡು ಮಾಡಿಕೊಳ್ಳಿ

ಅಮೆರಿಕದಲ್ಲಿ ದುಡಿದು, ಅಲ್ಲಿನ ಪೌರತ್ವ ಪಡೆದು, ನಿವೃತ್ತಿಯ ನಂತರ ಓಸಿಐ ಕಾರ್ಡಿನೊಡನೆ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಇಲ್ಲಿ ಬಂದು ನೆಲೆಸಲು ಭಾರತ ಕೊಡುವ ಕಾರ್ಡು) ಬೆಂಗಳೂರಿಗೋ ಮೈಸೂರಿಗೋ ಬಂದು ನೆಲೆಸಲು ಯೋಚಿಸುತ್ತಿರುವ ದಂಪತಿಗಳೂ ಅವರ ಮಕ್ಕಳೂ ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ನನ್ನ ಅಣ್ಣ, ಅತ್ತಿಗೆ ಹಾಗೆ ಮರಳಿದವರು. ಮನೆ, ಪಿಂಚಣಿ, ತೆರಿಗೆ ಎಲ್ಲವನ್ನೂ ಲೆಕ್ಕ ಹಾಕಿಯೇ ಬಂದಿದ್ದರು. ಇಬ್ಬರಲ್ಲೊಬ್ಬರು ಏಳಲಾರದ, ಸಹಿ ಮಾಡಲಾರದ ಸ್ಥಿತಿಗೆ ಬಂದರೆ ಏನೇನು ನಿಂತುಹೋಗುತ್ತದೆ ಎಂಬುದನ್ನು ಮಾತ್ರ ಯಾವ ಸಲಹೆಗಾರರೂ ಅವರಿಗೆ ತಿಳಿಸಿರಲಿಲ್ಲ.

ಅಣ್ಣನಿಗೆ ಲಕ್ವ ಹೊಡೆದು ಮಾತೂ ಬಲಗೈಯೂ ಬಿದ್ದುಹೋದವು, ತಿಳಿವೂ ಮಸುಕಾಯಿತು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ಹೊತ್ತಿಗೆ, ಅವರು ಠೇವಣಿ ಕಟ್ಟಿ ವಾಸವಿದ್ದ ಹಿರಿಯರ ವಸತಿ ಸಮುಚ್ಚಯದವರು ಒಪ್ಪಂದದ ಕೊನೆಯ ಪುಟಗಳಲ್ಲಿದ್ದ ಷರತ್ತೊಂದನ್ನು ಅತ್ತಿಗೆಯ ಮುಂದಿಟ್ಟರು. ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಅಲ್ಲಿ ವಾಸ. ಕರಪತ್ರದಲ್ಲಿ ಘೋಷಿಸಿದ್ದ 24 ಗಂಟೆಯ ವೈದ್ಯಕೀಯ ನೆರವು, ಪಾಳಿಗೊಬ್ಬ ನರ್ಸು ಮತ್ತು ಆಂಬ್ಯುಲೆನ್ಸ್ ಕರೆಸುವ ವ್ಯವಸ್ಥೆಗೆ ಮುಗಿಯುತ್ತಿತ್ತು.

ಅವಸರದಲ್ಲಿ ಬಾಡಿಗೆ ಮನೆ ಹಿಡಿದು, ಏಜೆನ್ಸಿಯೊಂದಕ್ಕೆ ಮುಂಗಡ ಕೊಟ್ಟು ಹೋಂ ನರ್ಸ್ ಇಟ್ಟುಕೊಂಡೆವು. ತರಬೇತಾದವರೆಂದು ಕಳುಹಿಸಿದ ಹುಡುಗಿ, ಚಪ್ಪಟೆಯಾಗಿ ಮಲಗಿದ್ದ ಅಣ್ಣನಿಗೆ ತಲೆಯ ಕಡೆ ಎತ್ತರಿಸದೆಯೇ ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಹಾಕುತ್ತಿದ್ದುದನ್ನು ಫಿಸಿಯೋಥೆರಪಿಗೆ ಬಂದವರು ಕಂಡು ತಡೆದರು. ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆಂಬುದು ಆಕೆಗೆ ಗೊತ್ತೇ ಇರಲಿಲ್ಲ. ತಪ್ಪು ಆ ಬಡ ಹುಡುಗಿಯದೆಂದು ನಾನು ಹೇಳುವುದಿಲ್ಲ. ಏನನ್ನೂ ಕಲಿಸದೆ ಕಳುಹಿಸಿ, ಆಕೆಯ ಸಂಬಳದಲ್ಲೂ ಪಾಲು ಹಿಡಿದುಕೊಂಡ ಏಜೆನ್ಸಿಯದು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬ್ಯಾಂಕಿನಲ್ಲಿ. ಖಾತೆಯಿದ್ದದ್ದು ಅಣ್ಣನೊಬ್ಬನ ಹೆಸರಿನಲ್ಲಿ. ಅತ್ತಿಗೆ ನಾಮಿನಿ, ಆದರೆ ನಾಮಿನಿಗೆ ಹಕ್ಕು ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಮಗನ ಹೆಸರಿಗೆ ಅಮೆರಿಕದಲ್ಲಿ ಮಾಡಿಸಿದ್ದ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೂ ಅಲ್ಲಿ ಊರ್ಜಿತವಾಗಿಯೇ ಇರುವಂಥದ್ದು. ಇಲ್ಲಿ ಹಾಗಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ ಅಂಥ ಸ್ಥಿತಿಯಲ್ಲಿ ಆ ಅಧಿಕಾರ ಕೊನೆಗೊಳ್ಳುತ್ತದೆ. ತನ್ನದೇ ಗಂಡನ ಔಷಧಿಗೆ ಗಂಡನದೇ ಹಣ ತೆಗೆಯಲು, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಅರ್ಜಿ ಹಾಕಿ ಪೋಷಕಿಯಾಗಿ ನೇಮಕಗೊಳ್ಳಬೇಕೆಂದು ವಕೀಲರು ಹೇಳಿದಾಗ ಅತ್ತಿಗೆ ಕುಸಿದು ಕುಳಿತರು. ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನ ಜಂಟಿ ಖಾತೆಯಾಗಿದ್ದರೆ ಅತ್ತಿಗೆಯ ಒಂದು ಸಹಿ ಸಾಕಿತ್ತು.

ವಿಮೆಯೂ ಕೈಕೊಟ್ಟಿತು. ಅಮೆರಿಕ ಸರ್ಕಾರ ಹಿರಿಯರಿಗೆ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇರ್ ಭಾರತದ ಆಸ್ಪತ್ರೆಯ ಬಿಲ್ಲನ್ನು ಭರಿಸುವುದಿಲ್ಲ. ಇಲ್ಲಿ ಮಾಡಿಸಿದ ಹೊಸ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ 36 ತಿಂಗಳವರೆಗೆ ಕಾಯುವ ಅವಧಿ ಇರಬಹುದು. ಅಣ್ಣನ ಬಿಪಿ ಹಳೆಯದು; ಲಕ್ವಕ್ಕೆ ಅದೇ ಕಾರಣವೆಂದು ಕಂಪನಿ ಕ್ಲೇಮನ್ನು ತಿರಸ್ಕರಿಸಿತು. ಮರಳಿ ಅಮೆರಿಕಕ್ಕೇ ಹೋಗೋಣವೆಂದರೆ, ಹೊರಡುವಾಗ ಕೈಬಿಟ್ಟಿದ್ದ ಮೆಡಿಕೇರಿನ ಪಾರ್ಟ್ ಬಿಗೆ (ವೈದ್ಯರ ಶುಲ್ಕ, ಹೊರರೋಗಿ ಚಿಕಿತ್ಸೆಯ ಖರ್ಚು ಭರಿಸುವ ಭಾಗ) ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಮತ್ತೆ ನೋಂದಣಿ, ಅದೂ ಬಿಟ್ಟಿದ್ದ ಪ್ರತಿ 12 ತಿಂಗಳಿಗೆ ಶೇ. 10ರಂತೆ ಹೆಚ್ಚುವರಿ ಕಂತಿನೊಂದಿಗೆ. ಆ ಹೆಚ್ಚಳ ಪಾರ್ಟ್ ಬಿ ಇರುವಷ್ಟು ಕಾಲವೂ ಮುಂದುವರಿಯುತ್ತದೆ.

ಆದ್ದರಿಂದ, ಕೈಕಾಲು ಗಟ್ಟಿಯಾಗಿರುವಾಗಲೇ ಖಾತೆಗಳನ್ನು ಜಂಟಿ ಮಾಡಿಸಿ. ತಮಗೆ ಯಾವ ಯಾವ ಚಿಕಿತ್ಸೆ ಬೇಡವೆಂದು ತಿಳಿಸುವ ಇಚ್ಛಾಪತ್ರವನ್ನು, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಕ್ರಮದಂತೆ, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಇಲ್ಲಿಯೇ ಹೊಸದಾಗಿ ಮಾಡಿಸಿ. ವಸತಿ ಸಮುಚ್ಚಯಕ್ಕೆ ಠೇವಣಿ ಕಟ್ಟುವ ಮೊದಲು ತೋಟವನ್ನೂ ಊಟದ ಹಾಲನ್ನೂ ನೋಡಿ ಬಂದುಬಿಡಬೇಡಿ. ಹಾಸಿಗೆ ಹಿಡಿದವರನ್ನು ಇರಿಸುವ ಕೋಣೆ ಯಾವುದು, ರಾತ್ರಿ ಅವರನ್ನು ಮಗ್ಗುಲು ಬದಲಿಸಿ ಮಲಗಿಸುವವರು ಯಾರು, ಅದರ ತಿಂಗಳ ಖರ್ಚೆಷ್ಟು ಎಂದು ಕೇಳಿ, ಉತ್ತರವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಹಣ ಕಟ್ಟಬೇಡಿ.