ಕೊಳೆ ಔಷಧಿಯ ಸರದಿ ಪಟ್ಟಿ: ಎಕ್ಸೆಲ್ಲಿನಲ್ಲೊಂದು ಮಳೆಗಾಲ, ಗೂಗಲ್ ಶೀಟ್ಸ್‌ನಲ್ಲೊಂದು

ಶಿರಸಿ ಸೀಮೆಯ ನಮ್ಮ ಊರಿನಲ್ಲಿ ಅಡಿಕೆ ತೋಟವಿರುವ ಮನೆಗಳು ಹದಿನಾಲ್ಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಇಬ್ಬರೇ. ಮಳೆ ಹಿಡಿಯುವ ಮೊದಲು ಒಮ್ಮೆ, ಅಲ್ಲಿಂದ 40–45 ದಿನಕ್ಕೆ ಮತ್ತೊಮ್ಮೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆಯಬೇಕು. ಸರದಿ ತಪ್ಪಿದರೆ ಎಳೆಯಡಿಕೆ ಕೊಳೆತು ಬುಡಕ್ಕೆ ಉದುರುತ್ತದೆ. ಆ ಸರದಿಯ ಪಟ್ಟಿ ಇಡುವವನು ನಾನು.

ಮೊದಲೆಲ್ಲ ನೋಟ್‌ಬುಕ್ಕಿನ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಿದ್ದೆ. ಒಂದು ದಿನ ಮಳೆ ಹೊಳವಾಗದಿದ್ದರೆ ಕೆಳಗಿನ ತಾರೀಕುಗಳೆಲ್ಲ ಮುಂದೆ ಸರಿಯುತ್ತವೆ. ಹಳೆಯ ಫೋಟೊ ನಂಬಿದವರು ಮೈಲುತುತ್ತ, ಸುಣ್ಣ ಕಲಸಿಟ್ಟು ಕಾಯುತ್ತಿದ್ದರು. ಕಲಸಿದ ದ್ರಾವಣ ಅಂದೇ ಮುಗಿಯಬೇಕು, ಮರುದಿನಕ್ಕೆ ಬರುವುದಿಲ್ಲ. ಹಾಗಾಗಿ ಒಂದು ಮಳೆಗಾಲ ಎಕ್ಸೆಲ್‌ನ ಆನ್‌ಲೈನ್ ರೂಪದಲ್ಲಿ, ಮರುವರ್ಷ ಗೂಗಲ್ ಶೀಟ್ಸ್‌ನಲ್ಲಿ ಪಟ್ಟಿ ಇಟ್ಟು ನೋಡಿದೆ. ಎರಡೂ ಉಚಿತ.

ಲೆಕ್ಕದ ಮಟ್ಟಿಗೆ ಎರಡರಲ್ಲೂ ಕೊರತೆ ಕಾಣಲಿಲ್ಲ. ತಾರೀಕಿಗೆ 40 ಕೂಡಿಸಿದರೆ ಎರಡನೆಯ ಸರದಿ ಸಿಗುತ್ತದೆ. ತೋಟಕ್ಕೆ ಬೇಕಾದ ಲೀಟರನ್ನು 100ರಿಂದ ಭಾಗಿಸಿದರೆ ಮೈಲುತುತ್ತದ ಕಿಲೊ ಬರುತ್ತದೆ, ಸುಣ್ಣವೂ ಅಷ್ಟೇ. ಆದರೆ ಪಟ್ಟಿ ಶುರುಮಾಡುವ ಮುನ್ನ ಎರಡರಲ್ಲೂ ಪ್ರದೇಶವನ್ನು ಭಾರತ ಎಂದು ಆರಿಸಿಕೊಳ್ಳಿ. ಅಮೆರಿಕದ ಕ್ರಮದಲ್ಲಿದ್ದರೆ 7/8 ಎಂದು ಬರೆದ ಆಗಸ್ಟ್ 7 ಜುಲೈ 8 ಆಗಿ ಕೂರುತ್ತದೆ, ಒಂದು ತಿಂಗಳ ಮೋಸ.

ನನಗೆ ವ್ಯತ್ಯಾಸ ಕಂಡದ್ದು ಹಂಚುವಾಗ. ಯಾರು ತಿದ್ದಿದರು ಎಂಬುದು ಹೆಸರಿನ ಸಮೇತ ದಾಖಲಾಗಬೇಕಾದರೆ ತಿದ್ದುವವರಿಗೆ ಖಾತೆ ಇರಬೇಕು. ನಮ್ಮೂರಿನ ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ಗೂಗಲ್ ಖಾತೆ ಮೊದಲೇ ಇತ್ತು. ಮೈಕ್ರೋಸಾಫ್ಟ್ ಖಾತೆಯನ್ನು ನಾನೇ ಜಗುಲಿಯಿಂದ ಜಗುಲಿಗೆ ಹೋಗಿ ಮಾಡಿಸಿಕೊಡಬೇಕಾಯಿತು. ಆರು ಮನೆಗೆ ಮಾಡುವಷ್ಟರಲ್ಲಿ ಮೊದಲ ಸರದಿಯೇ ಮುಗಿದಿತ್ತು.

ಇನ್ನು ನೆಟ್‌ವರ್ಕ್. ತೋಟ ಇರುವುದು ಕಣಿವೆಯ ತಳದಲ್ಲಿ, ಸಿಗ್ನಲ್ ಸಿಗುವುದು ಮೇಲಿನ ಬೆಟ್ಟದಲ್ಲಿ. ಬ್ರೌಸರಿನ ಎಕ್ಸೆಲ್‌ಗೆ ಇಂಟರ್‌ನೆಟ್ ಇರಲೇಬೇಕು. ಶೀಟ್ಸ್ ಆ್ಯಪಿನಲ್ಲಿ ಕಡತವನ್ನು ಆಫ್‌ಲೈನಿಗೆ ಗುರುತು ಮಾಡಿಟ್ಟರೆ ತೋಟದಲ್ಲೇ ತೆರೆದು ‘ಮುಗಿಯಿತು’ ಎಂದು ಬರೆಯಬಹುದು, ಬೆಟ್ಟ ಹತ್ತಿದ ಮೇಲೆ ಅದು ತಾನಾಗಿ ಎಲ್ಲರ ಪಟ್ಟಿಗೂ ಸೇರುತ್ತದೆ. ಈ ಒಂದು ಅನುಕೂಲ ನಮಗೆ ಉಳಿದದ್ದೆಲ್ಲಕ್ಕಿಂತ ದೊಡ್ಡದು.

ಎಕ್ಸೆಲ್ ಮೇಲುಗೈ ಇರುವ ಜಾಗವೂ ಇದೆ. ಶೀಟ್ಸ್ ಬಳಸಿದ ವರ್ಷ ಪಕ್ಕದ ಮನೆಯ ಭಾವ ತಮ್ಮ ಹೆಸರು ಬೇಗ ಸಿಗಲೆಂದು ಹೆಸರಿನ ಕಾಲಂ ಒಂದನ್ನೇ ಹಿಡಿದು ಅಕಾರಾದಿಯಾಗಿ ಜೋಡಿಸಿದರು. ಹೆಸರುಗಳು ಸರಿದವು, ತಾರೀಕುಗಳು ಇದ್ದಲ್ಲೇ ಉಳಿದವು. ಬೆಳಗ್ಗೆ ಏಳಕ್ಕೆ ಕೊನೆಗೌಡರು ಬಂದು ನಿಂತದ್ದು ಇನ್ನೂ ಡ್ರಮ್ಮಿಗೆ ನೀರು ತುಂಬದ ಮನೆಯ ಅಂಗಳದಲ್ಲಿ. ಕಂಪ್ಯೂಟರಿನಲ್ಲಿ ಆವೃತ್ತಿ ಇತಿಹಾಸ ತೆರೆದು ಹಿಂದಿನ ಸಂಜೆಯ ಪಟ್ಟಿಯನ್ನು ಮರಳಿ ತಂದೆ. ಆವೃತ್ತಿಗಳನ್ನು ಎಕ್ಸೆಲ್ ಕೂಡ ಇಟ್ಟುಕೊಳ್ಳುತ್ತದೆ. ಅದರ ಜೊತೆಗೆ ಯಾರು, ಯಾವಾಗ, ಯಾವ ಚೌಕದಲ್ಲಿ ಏನಿದ್ದದ್ದನ್ನು ಏನು ಮಾಡಿದರು ಎಂದು 60 ದಿನಗಳವರೆಗಿನ ಬದಲಾವಣೆಗಳನ್ನು ಒಂದೇ ಕಡೆ ಸಾಲಾಗಿ ತೋರಿಸುತ್ತದೆ. ಶೀಟ್ಸ್‌ನಲ್ಲಿ ಒಂದೊಂದೇ ಚೌಕವನ್ನು ಒತ್ತಿ ನೋಡಬೇಕು. ಹಣದ ಲೆಕ್ಕಕ್ಕೆ ನಾನು ಈಗಲೂ ಎಕ್ಸೆಲ್ ಬಿಟ್ಟಿಲ್ಲ. ಕೊನೆಗೌಡರ ಮಜೂರಿ, ಮೈಲುತುತ್ತದ ಖರೀದಿ ಎಲ್ಲ ಅಲ್ಲೇ ಇದೆ, ಅದನ್ನು ತಿದ್ದುವವರು ಇಬ್ಬರೇ.

‘ನುಡಿ’ ಕನ್ನಡ ತಂತ್ರಾಂಶದಲ್ಲಿ ಬರೆದ ಹಳೆಯ ಕಡತ ಇದ್ದವರಿಗೆ ಒಂದು ಮಾತು: ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಯೇ ಆನ್‌ಲೈನಿಗೆ ಏರಿಸಿ.

ಸರದಿಗೆ ಈ ವರ್ಷವೂ ಶೀಟ್ಸ್. ಹೆಸರು ಮತ್ತು ತಾರೀಕಿನ ಕಾಲಂಗಳಿಗೆ ರಕ್ಷಣೆ ಹಾಕಿದ್ದೇನೆ, ಮನೆಯವರು ‘ಮುಗಿಯಿತು’ ಕಾಲಂ ಮಾತ್ರ ಮುಟ್ಟಬಹುದು. ಕೊನೆಗೌಡರಿಗೆ ಹದಿನಾಲ್ಕು ಮನೆಯ ಪಟ್ಟಿ ಬೇಕಿಲ್ಲ. ಅವರಿಗೆಂದು ಬೇರೆ ಹಾಳೆಯಲ್ಲಿ ನಾಳೆಯ ಸಾಲು ತಾನಾಗಿ ಬಂದು ಕೂರುವಂತೆ ಸೂತ್ರ ಬರೆದೆ: ಯಾರ ಮನೆ, ಎಷ್ಟು ಲೀಟರ್, ದೋಟಿ (ಉದ್ದನೆಯ ಕೋಲು) ಇದೆಯೇ ಇಲ್ಲವೇ. ಸಂಜೆ ಪೇಟೆಯಿಂದ ಬರುವಾಗ ಬಸ್ಸಿನಲ್ಲೇ ಅದನ್ನು ತೆರೆದು ನೋಡಿಕೊಳ್ಳುತ್ತಾರೆ.