ಕರಪತ್ರ, ಹಣ ಕೊಟ್ಟ ಜಾಹೀರಾತು, ವಾಟ್ಸ್‌ಆ್ಯಪ್ ಪಟ್ಟಿ: ನಮ್ಮ ಗಾಣದ ಎಣ್ಣೆ ಅಂಗಡಿಗೆ ಒದಗಿದ್ದು ಯಾವುದು?

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಗಾಣದ ಎಣ್ಣೆ ಅಂಗಡಿ ಇದೆ. ಗಾಣ ಆಡಿಸುವ ಕೆಲಸವನ್ನು ಯಜಮಾನರು ನೋಡಿಕೊಳ್ಳುತ್ತಾರೆ. ಗಲ್ಲಾ, ಲೆಕ್ಕ ಮತ್ತು ಪ್ರಚಾರ ನನ್ನ ಪಾಲಿಗೆ ಬಂದಿವೆ. ಅಂಗಡಿಯ ಹೆಸರನ್ನು ಜನರಿಗೆ ಮುಟ್ಟಿಸಲು ಪತ್ರಿಕೆಯೊಳಗೆ ಇಟ್ಟು ಹಂಚುವ ಕರಪತ್ರ, ಸಾಮಾಜಿಕ ಜಾಲತಾಣದಲ್ಲಿ ಹಣ ಕೊಟ್ಟು ಹಾಕಿಸುವ ಜಾಹೀರಾತು, ಗೂಗಲ್ ನಕ್ಷೆಯಲ್ಲಿ ಅಂಗಡಿಯ ಪುಟ ಮತ್ತು ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಗಿರಾಕಿಗಳ ಪಟ್ಟಿ, ಈ ನಾಲ್ಕನ್ನೂ ಸ್ವಂತ ದುಡ್ಡಿನಲ್ಲಿ ಬಳಸಿ ನೋಡಿದ್ದೇವೆ. ನನ್ನ ಒಲವು ವಾಟ್ಸ್‌ಆ್ಯಪ್ ಪಟ್ಟಿಯ ಕಡೆಗೆ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ ತಿಂಗಳು ತಿಂಗಳೂ ಮುಗಿಯುವ ಸರಕು. ಒಮ್ಮೆ ಒಯ್ದವರು ಮತ್ತೆ ನಮ್ಮಲ್ಲಿಗೇ ಬರುವಂತೆ ಮಾಡುವುದರಲ್ಲಿ ನಮ್ಮ ವ್ಯಾಪಾರದ ಉಳಿವು ಇದೆಯೇ ಹೊರತು, ಸಾವಿರ ಜನ ಒಮ್ಮೆ ಹೆಸರು ಕೇಳುವುದರಲ್ಲಿ ಅಲ್ಲ.

ನಮ್ಮ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕಿಲೋ ಶೇಂಗಾ ಬೀಜ ಬೇಕಾಗುತ್ತದೆ. ಹಿಂಡಿಯನ್ನು ಹೈನುಗಾರರಿಗೆ ಮಾರಿದ ಮೇಲೂ ಲೀಟರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಆದ್ದರಿಂದ ಪ್ರಚಾರಕ್ಕೆ ಎಷ್ಟು ಜನ ಸ್ಪಂದಿಸಿದರು ಎಂಬ ಲೆಕ್ಕವನ್ನು ನಾನು ಹಿಡಿಯಲಿಲ್ಲ. ಎರಡನೇ ಸಲ ಡಬ್ಬಿ ಒಯ್ದ ಒಬ್ಬ ಗಿರಾಕಿಗೆ ನಮ್ಮ ಕೈಯಿಂದ ಎಷ್ಟು ಖರ್ಚಾಯಿತು ಎಂಬುದನ್ನಷ್ಟೇ ನೋಡಿದೆ. ಹೊಸಬರು ಬಂದಾಗ “ಎಲ್ಲಿ ನೋಡಿ ಬಂದ್ರಿ?” ಎಂದು ಕೇಳಿ, ಬಿಲ್ಲಿನ ಪುಸ್ತಕದ ಅಂಚಿನಲ್ಲಿ ಕ, ಜ, ಗ, ವಾ ಎಂದು ಒಂದೊಂದು ಅಕ್ಷರ ಬರೆಯುವುದನ್ನು ರೂಢಿ ಮಾಡಿಕೊಂಡೆ. “ಹಿಂಗೇ ಹೊಂಟಿದ್ವಿ, ವಾಸ್ನಿ ಬಂತು, ಬಂದ್ವಿ” ಎನ್ನುವವರೂ ಸಾಕಷ್ಟು ಇದ್ದರು. ಶೇಂಗಾ ಆಡಿಸುವ ಹೊತ್ತಿಗೆ ಬೀದಿಗೆ ಹರಡುವ ಆ ಪರಿಮಳಕ್ಕೆ ಖರ್ಚಿಲ್ಲ, ಹಾಗಾಗಿ ಅವರನ್ನು ಈ ಹೋಲಿಕೆಗೆ ಸೇರಿಸಿಲ್ಲ.

ಕರಪತ್ರದಲ್ಲಿ ನನಗೆ ಹಿಡಿಸಿದ್ದು ಬಣ್ಣದ ಉಪಾಯ. ವಿದ್ಯಾನಗರಕ್ಕೆ ಹಳದಿ, ಪಿ.ಜೆ. ಬಡಾವಣೆಗೆ ಹಸಿರು, ವಿನೋಬನಗರಕ್ಕೆ ಗುಲಾಬಿ ಕಾಗದದಲ್ಲಿ ಒಂದೇ ಒಕ್ಕಣೆಯನ್ನು ಮುದ್ರಿಸಿ, ಕೆಳಗಿನ ತುಂಡನ್ನು ಹರಿದು ತಂದವರಿಗೆ ಅರ್ಧ ಲೀಟರ್ ಬಾಟಲಿಯ ಮೇಲೆ ರಿಯಾಯಿತಿ ಕೊಟ್ಟೆವು. ಯಾವ ಬಡಾವಣೆಯ ಜನ ನಮ್ಮ ದೂರವನ್ನು ಲೆಕ್ಕಿಸದೆ ಬರುತ್ತಾರೆ ಎಂಬುದು ಗಲ್ಲಾಪೆಟ್ಟಿಗೆಯಲ್ಲಿ ಸೇರಿದ ತುಂಡುಗಳ ಬಣ್ಣದಿಂದಲೇ ತಿಳಿಯಿತು. ವಿದ್ಯಾನಗರದ ಹಳದಿ ತುಂಡುಗಳೇ ಹೆಚ್ಚಾಗಿ ಬಂದವು. ಗುಲಾಬಿ ಬಣ್ಣದ್ದು ಒಂದೂ ಬಾರದಿದ್ದಾಗ ವಿಚಾರಿಸಿದೆವು. ಆ ಭಾಗದ ಹಂಚಿಕೆಯ ಹೊಣೆ ಹೊತ್ತಿದ್ದವರು ಹಣ ಪಡೆದೂ ಕಟ್ಟನ್ನು ಬಿಚ್ಚಿಯೇ ಇರಲಿಲ್ಲ. ಬೆಳಗಿನ ಐದು ಗಂಟೆಗೆ ಪತ್ರಿಕೆಗಳ ಜೋಡಣೆ ನಡೆಯುವ ಜಾಗದಲ್ಲಿ ನಾವೇ ಹೋಗಿ ನಿಲ್ಲದಿದ್ದರೆ ಇದಕ್ಕೆ ಖಾತರಿಯಿಲ್ಲ. ಕರಪತ್ರ ಹಿಡಿದು ಬಂದವರಲ್ಲಿ ಹಿರಿಯರು ಹೆಚ್ಚು. ಅವರು ಮೊಬೈಲ್ ನೋಡಿ ಬರುವವರಲ್ಲ, ಒಮ್ಮೆ ರುಚಿ ಹಿಡಿಸಿದರೆ ಅಂಗಡಿ ಬದಲಿಸುವವರೂ ಅಲ್ಲ. ಆ ಕಾರಣಕ್ಕೆ ವರ್ಷಕ್ಕೊಮ್ಮೆ, ದೀಪಾವಳಿಯ ಎಣ್ಣೆ ಸ್ನಾನ ಮತ್ತು ಕರಿದ ತಿಂಡಿಗಳ ಕಾಲಕ್ಕೆ ಮುಂಚೆ, ಒಂದೇ ಬಡಾವಣೆಗೆ ಕರಪತ್ರ ಹಾಕಿಸುವುದನ್ನು ಮುಂದುವರಿಸಿದ್ದೇವೆ.

ಹಣ ಕೊಟ್ಟು ಹಾಕಿಸುವ ಜಾಲತಾಣದ ಜಾಹೀರಾತನ್ನು ಮೊದಲು ಪ್ರಚಾರ ಸಂಸ್ಥೆಯೊಂದರ ಮೂಲಕ ಮಾಡಿಸಿದೆವು. ತಿಂಗಳ ಕೊನೆಗೆ ಅವರು ಕಳಿಸಿದ ವರದಿಯಲ್ಲಿ ತಲುಪಿದವರ ಸಂಖ್ಯೆ ದೊಡ್ಡದಾಗಿತ್ತು, ಮೆಚ್ಚುಗೆಗಳು ತುಂಬಿದ್ದವು. ಆದರೆ ಬೆಲೆ ಕೇಳಿ ಸಂದೇಶ ಕಳಿಸಿದವರಲ್ಲಿ ಬಹುಪಾಲು ಹುಬ್ಬಳ್ಳಿ, ಬೆಂಗಳೂರು, ಕಲಬುರಗಿಯ ಕಡೆಯವರು. ಐದು ಲೀಟರಿನ ಡಬ್ಬಿಯನ್ನು ಕೊರಿಯರ್‌ನಲ್ಲಿ ಕಳಿಸಿದರೆ ನಮಗೆ ಏನೂ ಉಳಿಯುವುದಿಲ್ಲ. ಜಾಹೀರಾತಿನ ವ್ಯಾಪ್ತಿಯನ್ನು ಅವರು ಇಡೀ ರಾಜ್ಯಕ್ಕೆ ಇಟ್ಟಿದ್ದರು. ಆಮೇಲೆ ನಾನೇ ಕೂತು ನಕ್ಷೆಯಲ್ಲಿ ಅಂಗಡಿಯ ಮೇಲೆ ಪಿನ್ ಇಟ್ಟು, ಸುತ್ತಳತೆಯನ್ನು ಕೆಲವೇ ಕಿಲೋಮೀಟರಿಗೆ ಇಳಿಸಿ, ದಿನಕ್ಕೆ 200 ರೂಪಾಯಿಯಂತೆ ಹಾಕಿದ ಮೇಲೆ ಊರಿನವರು ಬಂದರು. ಈ ದಾರಿ ಹಿಡಿಯುವವರಿಗೆ ಒಂದು ಮಾತು: ಜಾಹೀರಾತಿನ ಮೊತ್ತದ ಮೇಲೆ ಶೇಕಡ 18ರಷ್ಟು ಜಿಎಸ್‌ಟಿ ಬೀಳುತ್ತದೆ, ಮತ್ತು ಕಾಂಪೋಸಿಷನ್ ಯೋಜನೆಯಲ್ಲಿ (ಚಿಕ್ಕ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕ್ರಮ) ಇರುವ ನಮ್ಮಂಥವರಿಗೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ಹಿಂಪಡೆಯಲು ಬರುವುದಿಲ್ಲ. 200 ಎಂದರೆ ನಮ್ಮ ಪಾಲಿಗೆ 236.

ಅದೇ ಸಂಸ್ಥೆಯವರು ಮಾಡಿಕೊಟ್ಟ ಚಿತ್ರದಲ್ಲಿ “ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ, ಹೃದ್ರೋಗಕ್ಕೆ ರಾಮಬಾಣ” ಎಂಬ ಸಾಲು ಇತ್ತು. ಅದನ್ನು ಹಟ ಹಿಡಿದು ತೆಗೆಸಿದೆ. ಗಿಡಮರಗಳಿಂದ ಬರುವ ಯಾವ ಅಡುಗೆ ಎಣ್ಣೆಯಲ್ಲಿಯೂ ಕೊಲೆಸ್ಟ್ರಾಲ್ ಎಣಿಕೆಗೆ ಸಿಗುವಷ್ಟು ಇರುವುದಿಲ್ಲ. ಅದನ್ನು ನಮ್ಮದೇ ಹೆಚ್ಚುಗಾರಿಕೆ ಎಂಬಂತೆ ಹೇಳುವುದು ಸರಿಯಲ್ಲ. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ ಎಂದು ಜಾಹೀರಾತಿನಲ್ಲಿ ಹೇಳುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿ ಅವಕಾಶವೂ ಇಲ್ಲ. ತಿನ್ನುವ ವಸ್ತು ಮಾರುವವರು ಈ ವಿಷಯದಲ್ಲಿ ಸಂಸ್ಥೆಯವರ ಮೇಲೆ ಭಾರ ಹಾಕಿ ಕೂರಬಾರದು, ಏಕೆಂದರೆ ಡಬ್ಬಿಯ ಮೇಲಿರುವ ಹೆಸರು ನಮ್ಮದು.

ಬೇರೆ ಕೆಲವು ದಾರಿಗಳನ್ನು ವಿಚಾರಿಸಿ ಬಿಟ್ಟೆವು. ಫ್ಲೆಕ್ಸ್ ಅನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಲು ಲಿಖಿತ ಅನುಮತಿ ಬೇಕು. ಸಗಟು ಎಸ್‌ಎಂಎಸ್‌ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯಂತೆ ಸಂಸ್ಥೆಯ ಹೆಸರನ್ನೂ ಸಂದೇಶದ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕು. ನಮ್ಮ ಗಾತ್ರದ ಅಂಗಡಿಗೆ ಅಷ್ಟು ಓಡಾಟ ತಕ್ಕುದಲ್ಲ.

ಗೂಗಲ್ ನಕ್ಷೆಯ ಪುಟಕ್ಕೆ ನಾನು ಎರಡನೇ ಸ್ಥಾನ ಕೊಡುತ್ತೇನೆ. ಕಾಸಿನ ಖರ್ಚಿಲ್ಲ. ಬೀದಿ, ನಾಮಫಲಕ, ಒಳಗಿನ ಗಾಣ ಎಲ್ಲವೂ ಕಾಣುವಂತೆ ವಿಡಿಯೊ ತೆಗೆದು ಕಳಿಸಿ ಅಂಗಡಿ ನಮ್ಮದೇ ಎಂದು ದೃಢಪಡಿಸಿದೆವು. ಫಲಕದ ಮೇಲೆ ಇರುವ ಹೆಸರನ್ನೇ ಅಲ್ಲಿಯೂ ಬರೆಯಬೇಕು. ಹೆಸರಿನ ಹಿಂದೆ “ದಾವಣಗೆರೆಯ ಅತ್ಯುತ್ತಮ ಶುದ್ಧ ಎಣ್ಣೆ” ಎಂದು ಬಾಲ ಸೇರಿಸಿದರೆ ಪುಟವನ್ನೇ ತಡೆಹಿಡಿಯುವ ಸಂಭವವಿದೆ. ಅಭಿಪ್ರಾಯ ಬರೆದವರಿಗೆ ರಿಯಾಯಿತಿ ಕೊಡುವುದೂ ಅವರ ನಿಯಮಕ್ಕೆ ವಿರುದ್ಧ. ಆಸ್ಪತ್ರೆಗೆಂದೋ ಮಕ್ಕಳ ಕಾಲೇಜಿಗೆಂದೋ ಚನ್ನಗಿರಿ, ಜಗಳೂರು ಕಡೆಯಿಂದ ಊರಿಗೆ ಬಂದವರು ಮೊಬೈಲಿನಲ್ಲಿ ಹುಡುಕಿ ಬರುವುದು ಈ ದಾರಿಯಿಂದಲೇ. ಹಬ್ಬದ ದಿನ ಅಂಗಡಿ ಮುಚ್ಚಿರುತ್ತದೆ ಎಂಬುದನ್ನು ಅಲ್ಲಿ ನಮೂದಿಸುವುದನ್ನು ಮರೆಯಬಾರದು, ಏಕೆಂದರೆ ದೂರದಿಂದ ಬಂದು ಬೀಗ ನೋಡಿ ಹೋದವರು ಮತ್ತೆ ಬರುವುದು ಕಷ್ಟ.

ಇನ್ನು ವಾಟ್ಸ್‌ಆ್ಯಪ್ ಪಟ್ಟಿ. ಗುಂಪು ಬೇರೆ, ಪಟ್ಟಿ ಬೇರೆ. ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಶುಭೋದಯದ ಚಿತ್ರಗಳ ನಡುವೆ ನಮ್ಮ ಮಾತು ಮುಳುಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಾದರೆ ಒಂದು ಪಟ್ಟಿಗೆ 256 ಜನರವರೆಗೆ ಒಂದೇ ಸಂದೇಶ ಹೋಗುತ್ತದೆ, ಪ್ರತಿಯೊಬ್ಬರಿಗೂ ಅದು ತಮಗೊಬ್ಬರಿಗೇ ಬಂದಂತೆ ಕಾಣುತ್ತದೆ, ಅವರ ಉತ್ತರ ನಮಗೆ ಮಾತ್ರ ಬರುತ್ತದೆ. ಆದರೆ ಇದರಲ್ಲೊಂದು ತೊಡಕಿದೆ, ಮತ್ತು ಇದನ್ನು ಬಳಸಿ ಕೈಬಿಟ್ಟ ಅಂಗಡಿಯವರಲ್ಲಿ ಹೆಚ್ಚಿನವರು ಆ ತೊಡಕಿನಿಂದಲೇ ಕೈಬಿಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ: ನಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಈ ಸಂದೇಶ ತಲುಪುತ್ತದೆ. ನಾವು ಅವರ ನಂಬರನ್ನು ಎಷ್ಟೇ ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡರೂ ಅವರ ಕಡೆಯಿಂದ ಆ ಕೆಲಸ ಆಗದಿದ್ದರೆ ಸಂದೇಶ ಅತ್ತ ಹೋಗುವುದೇ ಇಲ್ಲ, ಹೋಗಲಿಲ್ಲ ಎಂಬ ಎಚ್ಚರಿಕೆಯೂ ನಮಗೆ ಬರುವುದಿಲ್ಲ.

ಇದನ್ನು ಕಂಡುಹಿಡಿಯುವ ದಾರಿ ಹೀಗಿದೆ. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿಯನ್ನು ತೆರೆದರೆ ಯಾರು ಓದಿದ್ದಾರೆ, ಯಾರಿಗೆ ತಲುಪಿದೆ ಎಂಬುದು ಹೆಸರು ಹೆಸರಾಗಿ ಬರುತ್ತದೆ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ನಾನು ಆ ಹೆಸರುಗಳನ್ನು ಬಿಲ್ಲಿನ ಪುಸ್ತಕದೊಂದಿಗೆ ತಾಳೆ ನೋಡಿ, ಒಂದರ ಹಿಂದೆ ಒಂದು ಸಂದೇಶ ತಲುಪದವರ ಹೆಸರಿನ ಪಕ್ಕ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತೇನೆ. ಅಂಥವರು ಮುಂದಿನ ಸಲ ಅಂಗಡಿಗೆ ಬಂದಾಗ, ಡಬ್ಬಿ ಕಟ್ಟಿಕೊಡುವ ಹೊತ್ತಿನಲ್ಲೇ ಆ ಕೆಲಸ ಮುಗಿಯಬೇಕು. “ಅಕ್ಕಾ, ಹೊಸ ಎಣ್ಣೆ ತಿಳಿಯಾದ ದಿನ ನಿಮಗೇ ಮೊದಲು ಹೇಳ್ತೀನಿ, ನಂಬರ್ ಸೇವ್ ಮಾಡ್ಕೊಳ್ರಿ” ಎಂದರೆ ಯಾರೂ ಒಲ್ಲೆ ಎನ್ನುವುದಿಲ್ಲ. ವಯಸ್ಸಾದವರು ಮೊಬೈಲನ್ನು ನನ್ನ ಕೈಗೇ ಕೊಡುತ್ತಾರೆ. ಆಗ ಅಂಗಡಿಯ ಉದ್ದದ ಹೆಸರನ್ನು ಬರೆಯದೆ “ಗಾಣದ ಎಣ್ಣೆ” ಎಂದು ಸೇವ್ ಮಾಡಿಕೊಡುತ್ತೇನೆ. ಎಣ್ಣೆ ಮುಗಿದ ದಿನ ಅವರಿಗೆ ನೆನಪಾಗುವುದು ಆ ಪದ, ನಮ್ಮ ಫಲಕದ ಹೆಸರಲ್ಲ.

ಯಾರ ನಂಬರ್ ಎಂಬುದೂ ಮುಖ್ಯ. ಬಿಲ್ಲಿಗೆ ಹಣ ಕಟ್ಟಿದವರ ನಂಬರ್ ಬರೆದುಕೊಳ್ಳುವುದು ಎಲ್ಲ ಅಂಗಡಿಗಳ ರೂಢಿ, ಆದರೆ ಹಣ ಕಟ್ಟಿದವರು ಮಗನೋ ಯಜಮಾನರೋ ಆಗಿರುತ್ತಾರೆ. ಡಬ್ಬಿಯಲ್ಲಿ ಎಣ್ಣೆ ಎಷ್ಟಿದೆ ಎಂಬುದು ಗೊತ್ತಿರುವುದು ಅಡುಗೆಮನೆ ನೋಡಿಕೊಳ್ಳುವವರಿಗೆ. “ಮನೇಲಿ ಅಡುಗೆ ಮಾಡೋರ ನಂಬರ್ ಕೊಡ್ರಿ” ಎಂದು ಕೇಳತೊಡಗಿದ ಮೇಲೆ ಉತ್ತರಗಳು ಕಣ್ಣಿಗೆ ಕಾಣುವಷ್ಟು ಹೆಚ್ಚಾದವು. ಗಲ್ಲಾದ ಮುಂದೆ ಅಂಟಿಸಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಅವರೇ ಮೊದಲ ಸಂದೇಶ ಕಳಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅವರು ತಾವಾಗಿ ಒಪ್ಪಿ ಬಂದಂತಾಗುತ್ತದೆ, ನಾವು ಮೊದಲೇ ಬರೆದಿಟ್ಟ ಸ್ವಾಗತದ ಮಾತು ಬೆಲೆಪಟ್ಟಿಯೊಂದಿಗೆ ತಾನಾಗಿ ಹೋಗುತ್ತದೆ. ಸಾವಿರಾರು ನಂಬರುಗಳನ್ನು ಮಾರುತ್ತೇವೆ ಎಂದು ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಬೇಕು. ಗುರುತಿಲ್ಲದವರು ನಮ್ಮನ್ನು ಬ್ಲಾಕ್ ಮಾಡುತ್ತಾ ಹೋದರೆ ಇಡೀ ಖಾತೆ ನಿಂತುಹೋಗುತ್ತದೆ, ಅದರೊಂದಿಗೆ ನಿಜವಾದ ಗಿರಾಕಿಗಳ ಸಂಪರ್ಕವೂ.

ಈ ತೊಡಕನ್ನು ದಾಟಿದರೆ ಉಳಿದದ್ದು ಸಲೀಸು. ಶೇಂಗಾ, ಕುಸುಬೆ, ಎಳ್ಳು, ಕೊಬ್ಬರಿ ಎಂದು ಬಣ್ಣದ ಲೇಬಲ್ ಹಾಕಿ ಗಿರಾಕಿಗಳನ್ನು ಬೇರೆ ಬೇರೆ ಪಟ್ಟಿ ಮಾಡಿದ್ದೇವೆ. ಹಿಂಡಿ ಒಯ್ಯುವ ಹೈನುಗಾರರದ್ದು ಪ್ರತ್ಯೇಕ. ಕುಸುಬೆ ಎಣ್ಣೆ ಬಳಸುವವರಿಗೆ ಶೇಂಗಾ ಬೆಲೆಯ ಸುದ್ದಿ ಬೇಡ. ತಿಂಗಳಿಗೆ ಎರಡು ಸಂದೇಶಕ್ಕಿಂತ ಹೆಚ್ಚು ಕಳಿಸುವುದಿಲ್ಲ: ಸಂಬಳದ ವಾರದಲ್ಲಿ ಒಂದು, ಹೊಸ ಎಣ್ಣೆ ತಿಳಿಯಾದಾಗ ಮತ್ತೊಂದು. ಬಣ್ಣಬಣ್ಣದ ಪೋಸ್ಟರಿಗಿಂತ ಗಾಣದಿಂದ ಹಿಂಡಿ ಸುರುಳಿಯಾಗಿ ಏಳುತ್ತಿರುವ ಚಿತ್ರಕ್ಕೆ ಹೆಚ್ಚು ಜನ ಉತ್ತರಿಸುತ್ತಾರೆ. ಮುಂಗಾರಿನ ಶೇಂಗಾ ಚಳ್ಳಕೆರೆ ಮಾರುಕಟ್ಟೆಗೆ ಬಂದು ಬೀಜದ ಬೆಲೆ ಇಳಿದಾಗ ಆ ಇಳಿಕೆಯನ್ನೂ ಬರೆದು ಕಳಿಸುತ್ತೇವೆ. ಬೆಲೆ ಏರಿದಾಗ ಕಾರಣ ಕೇಳದೆ ಡಬ್ಬಿ ಒಯ್ಯುವವರು ಆ ಪಟ್ಟಿಯಲ್ಲಿ ಇರುವವರೇ.

ನಮ್ಮ ಬಜೆಟ್‌ಗೆ ತಕ್ಕಂತೆ ಹೇಳುವುದಾದರೆ, ತಿಂಗಳಿಗೆ ಸಾವಿರ ರೂಪಾಯಿಯೊಳಗೆ ಪ್ರಚಾರ ಮುಗಿಯಬೇಕಾದವರು ನಕ್ಷೆಯ ಪುಟವನ್ನು ಒಂದು ದಿನ ಕೂತು ಸರಿಮಾಡಿ, ಉಳಿದ ಶ್ರಮವನ್ನೆಲ್ಲ ಪಟ್ಟಿಗೆ ಹಾಕುವುದು ಲೇಸು. ಹಣ ಕೊಟ್ಟ ಜಾಹೀರಾತನ್ನು ನಾವು ದೀಪಾವಳಿ ಮತ್ತು ಯುಗಾದಿಯ ಮುಂಚಿನ ವಾರಕ್ಕೆ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಕಾಲಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ, ಅದೂ ಒತ್ತಿದರೆ ನೇರವಾಗಿ ವಾಟ್ಸ್‌ಆ್ಯಪ್ ತೆರೆಯುವ ಬಗೆಯದ್ದು. ಬಂದ ಹೊಸಬರು ಪಟ್ಟಿಗೆ ಸೇರದಿದ್ದರೆ ಆ ಖರ್ಚು ಮುಂದಿನ ಹಬ್ಬಕ್ಕೂ ಮತ್ತೆ ಅಷ್ಟೇ ಆಗುತ್ತದೆ.

ಮದುವೆ ಬ್ಲೌಸ್ ಹೊಲಿಯುವವರಿಗೆ, ಶಾಮಿಯಾನ ಕೊಡುವವರಿಗೆ ಈ ಕ್ರಮ ಒಪ್ಪುವುದಿಲ್ಲ. ಅವರ ಗಿರಾಕಿ ವರ್ಷಕ್ಕೊಮ್ಮೆ ಬರುವವರಾದ್ದರಿಂದ ಹೊಸಬರ ಕಣ್ಣಿಗೆ ಬೀಳುವುದೇ ಅವರಿಗೆ ಮುಖ್ಯ. ನಕ್ಷೆಯ ಪುಟ ಮತ್ತು ಕೆಲಸದ ಚಿತ್ರಗಳಿರುವ ಜಾಹೀರಾತನ್ನು ಅವರು ಮುಂದಿಡಬೇಕು. ದಿನಸಿ, ಹಾಲು, ರೊಟ್ಟಿ, ಚಟ್ನಿಪುಡಿ ಮಾರುವವರು ಮಾತ್ರ ಪಟ್ಟಿಯಿಂದಲೇ ಆರಂಭಿಸಲಿ, ಮತ್ತು ಅದಕ್ಕೆ ಬಳಸುವ ಸಿಮ್ ಕೆಲಸದ ಹುಡುಗನ ಹೆಸರಿನಲ್ಲಿ ಇರದೆ ಅಂಗಡಿಯ ಒಡೆಯರ ಹೆಸರಿನಲ್ಲೇ ಇರಲಿ; ಹುಡುಗ ಕೆಲಸ ಬಿಟ್ಟ ದಿನ ನಂಬರಿನೊಂದಿಗೆ ಇಡೀ ಪಟ್ಟಿಯೂ ಅವನ ಹಿಂದೆ ಹೋಗುತ್ತದೆ.