ಎಂಎಕ್ಸ್ ಲಿನಕ್ಸ್‌ನ ಸ್ನ್ಯಾಪ್‌ಶಾಟ್ ಟೂಲ್ ಬಾಳ ಚಲೋ ಐತ್ರಿ

ಧಾರವಾಡದಾಗ ನಮ್ಮನ್ಯಾಗಿನ 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಸದ್ದ ಮಾಡಾಕ ಹತ್ತಿತ್ತು, ಹುಬ್ಬಳ್ಳಿಗೆ ಹೋಗಿ ಎಸ್ಎಸ್‌ಡಿ ತಂದೆ, ಆದ್ರ ಎಲ್ಲಾ ಮತ್ತ ಮೊದಲಿಂದ ಹಾಕೋದು ಬ್ಯಾಡಾಗಿತ್ತು. ಅದರಾಗ ಇದ್ದದ್ದು ಎಂಎಕ್ಸ್ ಲಿನಕ್ಸ್, ಅಂದ್ರ ವಿಂಡೋಸ್ ಹಂಗ ಕಂಪ್ಯೂಟರ್ ನಡಸೋ ಆಪರೇಟಿಂಗ್ ಸಿಸ್ಟಮ್. ಅದರಾಗ ಸ್ನ್ಯಾಪ್‌ಶಾಟ್ ಅಂತ ಟೂಲ್ ಜೋಡಿನ ಬಂದಿರತೈತಿ, ಅದು ನಡದಿರೋ ಸಿಸ್ಟಮ್ಮನ್ನ ಹಂಗ ಒಂದು ಐಎಸ್ಒ ಫೈಲ್ (ಇಡೀ ಸಿಸ್ಟಮ್ಮಿನ ನಕಲು) ಮಾಡಿ ಕೊಡತೈತಿ, ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿ ಇನ್‌ಸ್ಟಾಲ್ ಮಾಡಿದ್ರ ಆತು. ಸ್ನ್ಯಾಪ್‌ಶಾಟ್ ಮಾಡುವಾಗ ಅಕೌಂಟ್ ಉಳಿಸೋ ಆಪ್ಷನ್ನ ಆರಿಸ್ರಿ, ಮರೀಬ್ಯಾಡ್ರಿ, ರೀಸೆಟ್ ಒತ್ತಿದ್ರ ನಿಮ್ಮ ಸೆಟ್ಟಿಂಗ್ ಬರಂಗಿಲ್ಲ. ನನ್ನ ಕನ್ನಡದ ಕಗಪ ಕೀಬೋರ್ಡು, ಲಿಬ್ರೆಆಫೀಸು, ಫೈರ್‌ಫಾಕ್ಸ್ ಬುಕ್‌ಮಾರ್ಕು, ಎಡಗಡೆ ಇಟ್ಟಿದ್ದ ಪ್ಯಾನೆಲ್ ಸೈತ ಇದ್ದಂಗ ಬಂತು, ನೋಡಿ ಬಾಳ ಖುಷಿ ಆತ್ರಿ. ವಿಡಿಯೋ, ಡೌನ್‌ಲೋಡ್ ಫೋಲ್ಡರ್ ಬಿಟ್ಟು ಮಾಡ್ರಿ, ಇಲ್ಲಾಂದ್ರ ಫೈಲ್ ಬಾಳ ದೊಡ್ಡದಾಗತೈತಿ, ಅವನ್ನ ಬ್ಯಾರೆ ಡಿಸ್ಕಿನ್ಯಾಗ ಕಾಪಿ ಮಾಡಿ ಇಟ್ಕೊಳ್ರಿ.